ಪಾಠ: ಓದಲಾಗದ ಸದಸ್ಯೆಗೂ ಲೆಕ್ಕ ತಿಳಿಯಲಿ



ವಾರದ ಸಭೆ ಮುಗಿಯುವ ಹೊತ್ತಿಗೆ ನಿರ್ಣಯ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ನಾವೆಲ್ಲ ಸಹಿ ಹಾಕುತ್ತೇವೆ. ಕಣ್ಣು ಕಾಣದ ಸದಸ್ಯೆಯ ಸರದಿ ಬಂದಾಗ ಪಕ್ಕದವರು ಅವರ ಹೆಬ್ಬೆರಳು ಹಿಡಿದು ಒತ್ತಿಸುತ್ತಾರೆ. "ನಾವಿದ್ದೀವಲ್ಲಕ್ಕಾ, ನಿಮಗ್ಯಾಕೆ ಚಿಂತೆ?" ಅಂತೀವಿ. ಮಾತಿನಲ್ಲಿ ಪ್ರೀತಿಯಿದೆ, ನಿಜ. ಆದರೆ ಎಷ್ಟು ಸಾಲಕ್ಕೆ ತಾವು ಹೊಣೆಯಾದೆವು ಎಂಬುದು ಅವರಿಗೇ ತಿಳಿಯದು. ತಿಳಿಯದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆ ಆಗುತ್ತದೆಯೇ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ, ಬ್ಯಾಂಕ್ ಸಾಲ ಪಡೆಯುವ ಹಕ್ಕು ಅವರಿಗೆ ಎಲ್ಲರಂತೆಯೇ ಇದೆ. ಕಾಗದದಲ್ಲಿ ಏನಿದೆ ಎಂದು ತಿಳಿಯದಿದ್ದರೆ ಆ ಹಕ್ಕು ಹೆಸರಿಗಷ್ಟೇ.

ಯಾರಿಗೆ ಕಷ್ಟ?
ಪೂರ್ತಿ ಕಣ್ಣು ಕಾಣದವರಿಗೆ ಮಾತ್ರವಲ್ಲ. ದೃಷ್ಟಿ ಮಂದವಾದವರು, ಡಿಸ್ಲೆಕ್ಸಿಯಾ ಇರುವವರು, ಕೈ ಸ್ವಾಧೀನವಿಲ್ಲದೆ ಪುಸ್ತಕ ಹಿಡಿಯಲಾಗದವರು ಕೂಡ ಅಚ್ಚಾದ ಕಾಗದ ಓದಲು ಕಷ್ಟಪಡಬಹುದು.

ನಾವು ಏನು ಮಾಡಬಹುದು?
1. ಮೊದಲು ಅವರನ್ನೇ ಕೇಳೋಣ. ಆರು ಚುಕ್ಕೆಗಳ ಬ್ರೈಲ್ ಲಿಪಿ ಕಣ್ಣು ಕಾಣದ ಎಲ್ಲರಿಗೂ ಬರುವುದಿಲ್ಲ. ವಯಸ್ಸಾದ ಮೇಲೆ ದೃಷ್ಟಿ ಕಳೆದುಕೊಂಡವರಿಗೆ ಕಿವಿಯಿಂದ ಕೇಳುವುದೇ ಸುಲಭವಾಗಬಹುದು.

2. ಸಹಿಗೆ ಮೊದಲು ನಿರ್ಣಯವನ್ನು ಪೂರ್ತಿ, ಗಟ್ಟಿಯಾಗಿ ಓದೋಣ. ಸಾಲದ ಮೊತ್ತ, ಬಡ್ಡಿ, ಕಂತು, ಹೊಣೆ ಯಾರದು—ಒಂದನ್ನೂ ಬಿಡಬಾರದು. ಅದನ್ನೇ ಅವರ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಟ್ಟರೆ ಮನೆಯಲ್ಲಿ ಮತ್ತೆ ಕೇಳಿಕೊಳ್ಳುತ್ತಾರೆ.

3. ದೃಷ್ಟಿ ಮಂದವಾದವರಿಗೆ ದೊಡ್ಡ ಅಕ್ಷರ, ಅಂದರೆ 18 ಪಾಯಿಂಟ್ ಅಥವಾ ಹೆಚ್ಚು ಇರಲಿ. ಹೊಳೆಯದ ಬಿಳಿ ಹಾಳೆ, ಕಪ್ಪು ಅಕ್ಷರ ಒಳ್ಳೆಯದು. ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಬಿಡೋಣ. ಚಿತ್ರದ ಮೇಲೆ ಅಕ್ಷರ ಹಾಕುವುದು ಬೇಡ.

4. ಸಭೆಯ ನೋಟೀಸಿನ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದರೆ ಸಾಲದು. ಆಂಡ್ರಾಯ್ಡ್ ಮೊಬೈಲಿನ ಟಾಕ್‌ಬ್ಯಾಕ್ ಟೈಪ್ ಮಾಡಿದ ಮಾತನ್ನು ಓದಿ ಹೇಳುತ್ತದೆ. ಫೋಟೋದೊಳಗಿನ ಅಕ್ಷರ ಅದಕ್ಕೆ ಹಲವು ಸಲ ಸಿಗುವುದಿಲ್ಲ. ಆದ್ದರಿಂದ ಟೈಪ್ ಮಾಡೋಣ, ಇಲ್ಲವೇ ದನಿ ಸಂದೇಶ ಕಳಿಸೋಣ.

5. ಕಂಪ್ಯೂಟರಿನಲ್ಲಿ ವರದಿ ಮಾಡಿಸುವಾಗ "ಯುನಿಕೋಡ್‌ನಲ್ಲಿ ಮಾಡಿಕೊಡಿ" ಎಂದು ಹೇಳೋಣ. ನುಡಿ, ಬರಹ ತಂತ್ರಾಂಶಗಳ ಹಳೆಯ ಬಗೆಯ ಫಾಂಟುಗಳಲ್ಲಿ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ. ಓದಿ ಹೇಳುವ ತಂತ್ರಾಂಶಕ್ಕೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯುನಿಕೋಡ್ ಆದರೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಅದನ್ನು ಕನ್ನಡದಲ್ಲೇ ಓದುತ್ತದೆ.

ಇವುಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಕಿಲ್ಲ, ಸ್ವಲ್ಪ ಸಮಯ ಬೇಕು. ಗಟ್ಟಿಯಾಗಿ ಓದುವ ಅಭ್ಯಾಸವಾದರೆ ಅಕ್ಷರ ಬಾರದ ಅಕ್ಕಂದಿರಿಗೂ ಲೆಕ್ಕ ತಿಳಿಯುತ್ತದೆ. ಕಣ್ಣಿದ್ದೂ ಓದದೆ ಸಹಿ ಹಾಕುವ ನಮಗೂ ತಿಳಿಯುತ್ತದೆ!

ಸಂಘದಲ್ಲಿ ಚರ್ಚಿಸೋಣ:
* ನಮ್ಮ ಸಂಘದಲ್ಲಿ ಕಾಗದ ಓದಲು ಕಷ್ಟಪಡುವವರು ಯಾರಿದ್ದಾರೆ? ಅವರಿಗೆ ಯಾವ ರೀತಿ ಅನುಕೂಲ ಎಂದು ಕೇಳಿದ್ದೇವೆಯೇ?
* ತಮ್ಮ ಉಳಿತಾಯ ಎಷ್ಟು, ಸಾಲ ಎಷ್ಟು ಎಂದು ಅವರು ಇನ್ನೊಬ್ಬರ ಸಹಾಯವಿಲ್ಲದೆ ಹೇಳಬಲ್ಲರೇ?
* ಮುಂದಿನ ಸಭೆಯಿಂದ ನಿರ್ಣಯ ಓದಿ ಹೇಳುವ ಜವಾಬ್ದಾರಿ ಯಾರದು?