ಒಂದು ಗೇಣಿನ ವಿಮಾನ

ಮೇಲೆ ವಿಮಾನ ಹೋದರೆ ನಾವೆಲ್ಲ ತಲೆ ಎತ್ತಿ ನೋಡುತ್ತೇವೆ. ಕೆಳಗಿನಿಂದ ಅದು ಹದ್ದಿನಷ್ಟೇ ಕಾಣುತ್ತದೆ. ನಿಜವಾಗಿ ಅದು ಎಷ್ಟು ದೊಡ್ಡದು? ಅಳತೆ ಕೆಡದ ಹಾಗೆ ಅದನ್ನು ಚಿಕ್ಕದಾಗಿ ಮಾಡಬಹುದೇ? ಮಾಡಬಹುದು. ನಮ್ಮ ಕಲಿಕಾ ಕೇಂದ್ರದಲ್ಲಿ ನಾವು ಮಾಡಿದೆವು.

ನಾವು ಆರಿಸಿದ್ದು ಎಚ್.ಟಿ.-2 ಎಂಬ ವಿಮಾನ. ಇದು ಬೆಂಗಳೂರಿನಲ್ಲೇ ಹುಟ್ಟಿದ್ದು. ವಿ. ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಇದನ್ನು ರೂಪಿಸಿದರು. 1951ರಲ್ಲಿ ಮೊದಲ ಸಲ ಹಾರಿತು. ವಿಮಾನ ಓಡಿಸಲು ಕಲಿಯುವವರಿಗಾಗಿ ಮಾಡಿದ್ದು ಇದು. ಒಳಗೆ ಎರಡೇ ಸೀಟು, ಒಂದರ ಹಿಂದೆ ಒಂದು. ಒಬ್ಬರು ಕಲಿಯುವವರು, ಒಬ್ಬರು ಕಲಿಸುವವರು. ನಮ್ಮ ಕೇಂದ್ರಕ್ಕೆ ಇದಕ್ಕಿಂತ ಒಪ್ಪುವ ವಿಮಾನ ಬೇರೆ ಇದೆಯೇ?

ಇದರ ರೆಕ್ಕೆ ಈ ತುದಿಯಿಂದ ಆ ತುದಿಗೆ ಸುಮಾರು 10 ಮೀಟರ್ 70 ಸೆಂಟಿಮೀಟರ್. ಮೂತಿಯಿಂದ ಬಾಲಕ್ಕೆ ಸುಮಾರು ಏಳೂವರೆ ಮೀಟರ್. ಇದನ್ನು 50 ಪಾಲು ಮಾಡಿ, ಒಂದು ಪಾಲು ತೆಗೆದುಕೊಂಡೆವು. ಅಂದರೆ ನಿಜವಾದ 1 ಮೀಟರಿಗೆ ನಮ್ಮಲ್ಲಿ 2 ಸೆಂಟಿಮೀಟರ್. ಉದ್ದ 15 ಸೆಂಟಿಮೀಟರ್ ಆಯಿತು. ರೆಕ್ಕೆ 21 ಸೆಂಟಿಮೀಟರ್ 4 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಗೇಣು. ಎಲ್ಲ ಭಾಗಕ್ಕೂ ಇದೇ ಪಾಲು. ರೆಕ್ಕೆಗೆ ಒಂದು ಪಾಲು, ಚಕ್ರಕ್ಕೆ ಇನ್ನೊಂದು ಪಾಲು ಅಂದರೆ ಅದು ಆಟದ ಸಾಮಾನು, ಮಾದರಿ ಅಲ್ಲ.

ಮೈಗೆ ಮೆದು ಮರದ ತುಂಡು ತಂದೆವು. ರೆಕ್ಕೆಗೆ, ಬಾಲಕ್ಕೆ ಹಳೇ ಮದುವೆ ಕರೆಯೋಲೆಯ ರಟ್ಟು ಸಾಕಾಯಿತು. ಸಲಕರಣೆಗೆ ದುಡ್ಡು ಇರಲಿಲ್ಲ. ಮನೆಯಲ್ಲಿ ಬಿಸಾಡುವುದನ್ನೇ ಹುಡುಕಿದೆವು. ಐಸ್‌ಕ್ಯಾಂಡಿ ಕಡ್ಡಿಗೆ ಮರಳು ಕಾಗದ ಅಂಟಿಸಿದೆವು, ಉಜ್ಜುವ ಕಡ್ಡಿ ಆಯಿತು. ಮಾತ್ರೆ ಖಾಲಿಯಾದ ಪಟ್ಟಿಯ ಗುಳಿಗಳಲ್ಲಿ ಬಣ್ಣ ಹಾಕಿಕೊಂಡೆವು. ಸವೆದ ಹವಾಯಿ ಚಪ್ಪಲಿ ಬಹಳ ಉಪಯೋಗಕ್ಕೆ ಬಂತು. ಅದಕ್ಕೆ ಗುಂಡುಸೂಜಿ ಚುಚ್ಚಿ, ಬಣ್ಣ ಹಚ್ಚಿದ ಸಣ್ಣ ಭಾಗಗಳನ್ನು ಸೂಜಿಯ ಮೇಲೆ ಒಣಗಲು ಇಟ್ಟೆವು. (ಚಪ್ಪಲಿ ತೊಳೆದು ತನ್ನಿ. ನಾವು ಮೊದಲ ದಿನ ತೊಳೆದಿರಲಿಲ್ಲ!) ಬರಿಗೈಯಲ್ಲಿ ಬ್ಲೇಡು ಹಿಡಿಯಬೇಡಿ. ಸೀಳಿದ ಬಿದಿರು ಕಡ್ಡಿಗೆ ಅರ್ಧ ಬ್ಲೇಡು ಸಿಕ್ಕಿಸಿ, ದಾರ ಬಿಗಿಯಾಗಿ ಸುತ್ತಿ. ಬ್ಲೇಡಿನ ಮುಂದೆ ಬೆರಳು ಇರಬಾರದು.

ರೆಕ್ಕೆ ಕತ್ತರಿಸುವ ಕೆಲಸ ನಮ್ಮ ಹೊಲಿಗೆ ಅಕ್ಕನದು. ಊರಿನ ಅರ್ಧ ಹೆಂಗಸರಿಗೆ ಅವರೇ ರವಿಕೆ ಹೊಲಿಯುವುದು. ಮೊದಲು ಅಳತೆಗೆ ದಾರದಲ್ಲಿ ಗಂಟು ಹಾಕಿಕೊಳ್ಳುತ್ತಿದ್ದರು. ಅಂಕಿ ಓದಲು ಕಲಿತು ಆಗ ಮೂರು ತಿಂಗಳು, ಅಷ್ಟೆ. ಒಂದೊಂದು ಕಡೆಯ ರೆಕ್ಕೆಗೆ 10 ಸೆಂಟಿಮೀಟರ್ 7 ಮಿಲಿಮೀಟರ್ ಎಂದು ಹೇಳಿದೆವು. ಜೋಡಿಸಿ ನೋಡಿದರೆ ಬಲಗಡೆ ರೆಕ್ಕೆ ಮೋಟು! ಒಂದು ಸೆಂಟಿಮೀಟರ್ ಕಡಿಮೆ. ನಿಜವಾದ ವಿಮಾನದಲ್ಲಾದರೆ ಅದು ಅರ್ಧ ಮೀಟರ್. ಯಾರೋ ನಕ್ಕರು. ನಕ್ಕವರ ಹೆಸರು ಬರೆಯುವುದಿಲ್ಲ, ಈ ಪುಸ್ತಕ ಅವರೂ ಓದುತ್ತಾರೆ. "ನಂಗೆ ಈ ಅಂಕಿ-ಗಿಂಕಿ ಹತ್ತಲ್ಲ ಬಿಡಿ ಮೇಷ್ಟ್ರೇ" ಎಂದು ಅಕ್ಕ ಎದ್ದು ಹೋದರು. ಎರಡು ದಿನ ಬರಲಿಲ್ಲ.

ಮೂರನೇ ದಿನ ನಾವೇ ಅವರ ಮನೆಗೆ ಹೋದೆವು. ಅದೇ ಸ್ಕೇಲು ಕೊಟ್ಟು, "ಇನ್ನೊಂದ್ಸಲ ಅಳೀರಿ ಅಕ್ಕಾ" ಎಂದೆವು. ಅಕ್ಕ ರಟ್ಟಿನ ಅಂಚನ್ನು 1ರ ಗೆರೆಗೆ ಹಿಡಿದರು. ಯಾಕೆಂದರೆ ಆ ಸ್ಕೇಲಿನ ತುದಿ ಸವೆದು, 0 ಅಳಿಸಿಹೋಗಿತ್ತು! ಎಡಗಡೆ ರೆಕ್ಕೆ ಅಳೆದದ್ದು ಬೇರೆ ಸ್ಕೇಲಿನಲ್ಲಿ. ತಪ್ಪು ಅಕ್ಕನದಲ್ಲ. ಸವೆದ ಸ್ಕೇಲು ಕೊಟ್ಟವರು ನಾವು. ಅಳತೆ 0ಯಿಂದ ಶುರು ಎಂದು ಹೇಳದೆ ಹೋದವರೂ ನಾವೇ. ಹಾಗೆಂದು ಒಪ್ಪಿಕೊಂಡೆವು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ರವಿಕೆ ತೋಳು ಎರಡೆರಡು ಸಲ ಅಳೀತೀವಾ ಮೇಷ್ಟ್ರೇ? ಮಡಿಸಿ ಒಂದೇ ಸಲ ಕತ್ತರಿಸ್ತೀವಿ" ಎಂದರು. ಹಳೇ ಪತ್ರಿಕೆ ಮಡಿಸಿದರು. ಮಡಿಕೆಯಿಂದ 10 ಸೆಂಟಿಮೀಟರ್ 7 ಮಿಲಿಮೀಟರಿಗೆ ಗುರುತು ಹಾಕಿದರು. ರೆಕ್ಕೆಯ ಆಕಾರ ಬರೆದು ಕತ್ತರಿಸಿದರು. ಬಿಡಿಸಿದರೆ ಇಡೀ ರೆಕ್ಕೆ, ಎರಡೂ ಕಡೆ ಒಂದೇ ಸಮ! ಆ ಕಾಗದವನ್ನು ರಟ್ಟಿನ ಮೇಲಿಟ್ಟು ಒಂದೇ ತುಂಡಿನ ರೆಕ್ಕೆ ತೆಗೆದರು. ಎಚ್.ಟಿ.-2ರ ರೆಕ್ಕೆ ಇರುವುದು ಮೈಯ ಕೆಳಭಾಗದಲ್ಲಿ. ಹಾಗಾಗಿ ಒಂದೇ ತುಂಡು ಅಂಟಿಸುವುದು ಸುಲಭವೂ ಆಯಿತು.

ಅಂಟು ಒಣಗುವಾಗ ರೆಕ್ಕೆ ಒಂದು ಕಡೆ ಜೋತು ಬೀಳುತ್ತದೆ. ಎರಡು ತುದಿಗೂ ಕೆಳಗೆ ಒಂದೊಂದು ಬೆಂಕಿಪೊಟ್ಟಣ ಇಡಿ. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಬಾಲ ಹಿಡಿಸಿ. ರಾತ್ರಿಯೆಲ್ಲ ಮುಟ್ಟಬೇಡಿ.

ಲೆಕ್ಕ ಮಾಡಿ:

ಒಂದು ಬಸ್ಸು 10 ಮೀಟರ್ ಉದ್ದ ಇದೆ ಎಂದುಕೊಳ್ಳಿ. ಇದೇ ಪಾಲಿನಲ್ಲಿ ಅದರ ಮಾದರಿ ಎಷ್ಟು ಸೆಂಟಿಮೀಟರ್?

ನಿಮ್ಮ ಮನೆಯ ಸ್ಕೇಲು ತೆಗೆದು ನೋಡಿ. ಅದರಲ್ಲಿ 0 ಎಲ್ಲಿದೆ?