ಉರಿಯ ನಡುವಿನ ವಂದನೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ನೆಲೆಗಳಿಂದ ರಾತ್ರಿಯ ಹೊತ್ತು ಹಾರಿಹೋಗುತ್ತಿದ್ದ ಲ್ಯಾಂಕಾಸ್ಟರ್ ಬಾಂಬರ್ ವಿಮಾನದಲ್ಲಿ ಏಳು ಮಂದಿ ಇರುತ್ತಿದ್ದರು. ಐವರ ಸ್ಥಾನ ಮುಂಭಾಗದಲ್ಲಿ. ಉಳಿದ ಇಬ್ಬರು ಬಂದೂಕುಗಾರರು. ಒಬ್ಬನದು ವಿಮಾನದ ಬೆನ್ನಿನ ಮೇಲಿನ ಗಾಜಿನ ಗೂಡು, ಮತ್ತೊಬ್ಬನದು ಬಾಲದ ತುದಿಯ ಗೂಡು. ಬಾಲದ ಕಾವಲುಗಾರನಷ್ಟು ಒಂಟಿಯಾದವನು ವಿಮಾನದಲ್ಲಿ ಇನ್ನೊಬ್ಬನಿರಲಿಲ್ಲ. ಆ ಬಾಂಬರ್ ಪಡೆಯಲ್ಲಿ ಸೇವೆ ಸಲ್ಲಿಸಿದ ಸುಮಾರು 1,25,000 ವೈಮಾನಿಕರಲ್ಲಿ 55,000ಕ್ಕೂ ಹೆಚ್ಚು ಜನ ಮಡಿದರು.

ಅವರಲ್ಲೊಬ್ಬನು ಆಂಡ್ರ್ಯೂ ಮಿನಾರ್ಸ್ಕಿ. ಪೋಲೆಂಡಿನಿಂದ ಕೆನಡಾಕ್ಕೆ ವಲಸೆ ಬಂದ ದಂಪತಿಗಳ ಮಗನಾಗಿ 1916ರಲ್ಲಿ ವಿನಿಪೆಗ್ ನಗರದಲ್ಲಿ ಹುಟ್ಟಿದ ಈತನು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಚರ್ಮದ ಕೆಲಸ ಮಾಡಿ ಮನೆಗೆ ಆಸರೆಯಾದನು. 1941ರಲ್ಲಿ ಕೆನಡಾದ ವಾಯುಪಡೆಯನ್ನು ಸೇರಿದನು. ಬಾಲದ ಬಂದೂಕುಗಾರನಾದ ಪ್ಯಾಟ್ ಬ್ರೋಫಿ ಅವನ ಆಪ್ತ ಗೆಳೆಯ. ಬ್ರೋಫಿ ದರ್ಜೆಯಲ್ಲಿ ಮೇಲಿನವನು. ಆದ್ದರಿಂದ ರಾತ್ರಿ ಅಗಲುವಾಗ ಮಿನಾರ್ಸ್ಕಿ ತಮಾಷೆಗೆಂದು ನೆಟ್ಟಗೆ ನಿಂತು ವಂದಿಸಿ, “ಶುಭರಾತ್ರಿ, ಸ್ವಾಮಿ” ಎನ್ನುತ್ತಿದ್ದನು.

1944ರ ಜೂನ್ 12ರ ರಾತ್ರಿ ಅವರ ವಿಮಾನವು ಫ್ರಾನ್ಸಿನ ಕಾಂಬ್ರೆಯ ರೈಲ್ವೆ ನೆಲೆಯ ಮೇಲೆ ದಾಳಿ ಮಾಡಲು ಹೊರಟಿತು. ಮಿತ್ರಪಡೆಗಳು ನಾರ್ಮಂಡಿಯ ತೀರದಲ್ಲಿ ಇಳಿದು ಇನ್ನೂ ಒಂದು ವಾರವಾಗಿರಲಿಲ್ಲ. ಹೊರಡುವ ಮುನ್ನ ಹುಲ್ಲಿನಲ್ಲಿ ಸಿಕ್ಕಿದ ನಾಲ್ಕೆಸಳಿನ ಎಲೆಯೊಂದನ್ನು, ಅದೃಷ್ಟದ ಗುರುತೆಂದು, ಮಿನಾರ್ಸ್ಕಿ ಬ್ರೋಫಿಗೆ ಕೊಟ್ಟನು.

ನಡುರಾತ್ರಿ ದಾಟಿದ ಮೇಲೆ ಜರ್ಮನ್ ಯುದ್ಧವಿಮಾನವೊಂದು ಎರಗಿತು. ಎಡಬದಿಯ ಎರಡು ಎಂಜಿನುಗಳೂ ಕೆಟ್ಟವು. ಒಡಲೊಳಗೆ ಬೆಂಕಿ ಹೊತ್ತಿತು. ಚಾಲಕನಾದ ಡಿ ಬ್ರೇನ್ ಎಲ್ಲರೂ ಧುಮುಕಬೇಕೆಂದು ಆಜ್ಞೆಯಿತ್ತನು. ಮಿನಾರ್ಸ್ಕಿ ತನ್ನ ಗೂಡಿನಿಂದಿಳಿದು ಬಾಗಿಲ ಬಳಿ ಬಂದವನು ಹಿಂದಿರುಗಿ ನೋಡಿದನು. ಬ್ರೋಫಿಯ ಗೂಡು ತಿರುಗದೆ ಸಿಕ್ಕಿಕೊಂಡಿತ್ತು. ಕೈಯಿಂದ ತಿರುಗಿಸುವ ಹಿಡಿಯೂ ಮುರಿದುಹೋಗಿತ್ತು. ಆಗ ಮಿನಾರ್ಸ್ಕಿ ಧುಮುಕಿದ್ದರೆ ಯಾರೂ ಅವನನ್ನು ದೂರುವಂತಿರಲಿಲ್ಲ. ಆದರೆ ಅವನು ಉರಿಯ ನಡುವೆ ಅಂಬೆಗಾಲಿಕ್ಕಿ ಸಾಗಿ, ಕೊಡಲಿಯಿಂದಲೂ ಬರಿಗೈಗಳಿಂದಲೂ ಗೂಡನ್ನು ಬಿಡಿಸಲು ಹೆಣಗಿದನು. ಸೊಂಟದವರೆಗೆ ಉಡುಪು ಹೊತ್ತಿ ಉರಿಯುತ್ತಿತ್ತು. ತನ್ನ ಆಸೆ ಬಿಟ್ಟ ಬ್ರೋಫಿ ಹೋಗೆಂದು ಕೈಬೀಸಿದನು. ಮಿನಾರ್ಸ್ಕಿ ಗೆಳೆಯನಿಗೆ ಬೆನ್ನು ತೋರಿಸದೆ ಹಿಂದಹಿಂದಕ್ಕೆ ತೆವಳಿ ಬಾಗಿಲನ್ನು ಮುಟ್ಟಿ, ಎದ್ದು ನಿಂತು ವಂದಿಸಿದನು. ಆ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಆದರೂ ತುಟಿಗಳು ಅದೇ ಎರಡು ಪದಗಳನ್ನು ನುಡಿದುದು ಬ್ರೋಫಿಗೆ ಕಂಡಿತು. ಆಮೇಲೆ ಅವನು ಉರಿಯುವ ಪ್ಯಾರಾಚೂಟಿನೊಡನೆ ಧುಮುಕಿದನು. ಕೆಳಗೆ ಫ್ರೆಂಚ್ ಜನರು ಅವನನ್ನು ಕಂಡಾಗ ಇನ್ನೂ ಜೀವವಿತ್ತು. ಸುಟ್ಟಗಾಯಗಳಿಂದ ಅವನು ಬೇಗನೆ ತೀರಿಕೊಂಡನು.

ಬ್ರೋಫಿ ಸಾಯಲಿಲ್ಲ! ವಿಮಾನ ನೆಲಕ್ಕಪ್ಪಳಿಸಿದಾಗ ಗೂಡು ಕಿತ್ತುಹೋಗಿ ಅವನು ದೂರಕ್ಕೆ ಎಸೆಯಲ್ಪಟ್ಟನು. ಉಳಿದ ಐವರೂ ಬದುಕಿದರು. ಆ ಒಡಲೊಳಗೆ ನಡೆದುದನ್ನು ಕಂಡವನು ಬ್ರೋಫಿಯೊಬ್ಬನೇ. ಅವನು ಮರಳಿ ಬಂದು ಹೇಳಿದ ಮೇಲೆಯೇ ಲೋಕಕ್ಕೆ ಈ ಸಂಗತಿ ತಿಳಿಯಿತು. 1946ರಲ್ಲಿ ಮಿನಾರ್ಸ್ಕಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಸಂದಿತು. ಅವನ ಸಮಾಧಿ ಫ್ರಾನ್ಸಿನ ಮೆಹಾರಿಕೂರ್ ಎಂಬ ಹಳ್ಳಿಯಲ್ಲಿದೆ. ಕೆನಡಾದ ಹ್ಯಾಮಿಲ್ಟನ್ ನಗರದ ವಸ್ತುಸಂಗ್ರಹಾಲಯವು ಹಳೆಯ ಲ್ಯಾಂಕಾಸ್ಟರ್ ವಿಮಾನವೊಂದನ್ನು ದುರಸ್ತಿಗೊಳಿಸಿ, ಅವನ ವಿಮಾನದ ಅಕ್ಷರಗಳನ್ನೇ ಅದರ ಮೇಲೆ ಬರೆಸಿ, 1988ರಲ್ಲಿ ಮತ್ತೆ ಆಕಾಶಕ್ಕೆ ಏರಿಸಿತು.