ಎರಡು ಮ್ಯಾಂಚೆಸ್ಟರ್, ಒಂದು ಕಿರ್ದಿ

ಬಸ್ಸಿನಲ್ಲಿ ಪೂರಾ ಟಿಕೆಟ್ ತೆಗೆಸಿದವರು ಅಳಿಯಂದಿರೊಬ್ಬರೇ. ಮಹಾರಾಷ್ಟ್ರದ ಎಸ್‌ಟಿಯಲ್ಲಿ 2023ರ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ ಟಿಕೆಟ್; ಹಾಗಾಗಿ ನಮ್ಮ ಅಕ್ಕನಿಗೂ ಅವಳ ಮಗಳಿಗೂ ಅರ್ಧ. ನನಗೆ ಅರವತ್ತೈದು ದಾಟಿದೆ, ಆಧಾರ್ ತೋರಿಸಿದರೆ ಅರ್ಧ. ಮೊಮ್ಮಗಳಿಗೆ ಆರು ವರ್ಷ, ಅದಕ್ಕೂ ಅರ್ಧ. ಕಂಡಕ್ಟರ್ ನಮ್ಮ ಐದು ಜನರನ್ನು ಒಮ್ಮೆ ನೋಡಿ, ಇಂಗ್ಲೆಂಡಿನಿಂದ ಬಂದ ಇಂಜಿನಿಯರ್ ಕೈಯಿಂದ ಮಾತ್ರ ಪೂರ್ತಿ ರೊಕ್ಕ ಎಣಿಸಿಕೊಂಡ. 2025ರ ಡಿಸೆಂಬರಿನ ಒಂದು ಮುಂಜಾನೆ ಗಡಹಿಂಗ್ಲಜ ಸ್ಟ್ಯಾಂಡಿನಿಂದ ಕೊಲ್ಲಾಪುರಕ್ಕೆ ನಮ್ಮ ಸವಾರಿ ಹೊರಟಿದ್ದು ಹೀಗೆ.

ನಮ್ಮದು ಗಡಹಿಂಗ್ಲಜ ತಾಲೂಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್. ಅಕ್ಕನ ಮಗಳು ಹತ್ತು ವರ್ಷದಿಂದ ಮ್ಯಾಂಚೆಸ್ಟರ್‌ನಲ್ಲಿದ್ದಾಳೆ. 2023ರ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಈ ಸಲ ಅವರು ಇಲ್ಲಿಗೆ ಬಂದಿದ್ದರು, ಮತ್ತು ನಾನು ಅವರಿಗೊಂದು ಮಾತು ಕೊಟ್ಟಿದ್ದೆ: “ನೀ ನಂಗ ನಿಮ್ಮ ಮ್ಯಾಂಚೆಸ್ಟರ್ ತೋರಿಸಿದಿ, ನಾ ನಿಂಗ ನಮ್ಮ ಮ್ಯಾಂಚೆಸ್ಟರ್ ತೋರಸ್ತೀನಿ.” ಇಚಲಕರಂಜಿಗೆ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂಬ ಹೆಸರಿರುವುದು ಅವಳಿಗೂ ಗೊತ್ತಿತ್ತು. ಅಲ್ಲಿಗೆ ಹೋಗುವ ಮುಂಚೆ ಕೊಲ್ಲಾಪುರ, ಅಂಬಾಬಾಯಿ, ಮಿಸಳ್, ಚಪ್ಪಲಿ.

ನನ್ನ ಮ್ಯಾಂಚೆಸ್ಟರ್ ದಿನದ ಕಥೆಯನ್ನು ಮೊದಲು ಒಪ್ಪಿಸಿಬಿಡುತ್ತೇನೆ, ಯಾಕೆಂದರೆ ಅದು ನಾಚಿಕೆಯದು. ಆಗ ಪೌಂಡಿಗೆ ಸುಮಾರು 105 ರೂಪಾಯಿ. ಬಸ್ ಹತ್ತಿದರೆ 2 ಪೌಂಡ್. ನನ್ನ ತಲೆಯಲ್ಲಿ 210. ಒಂದು ಕಪ್ ಚಹಾ 3 ಪೌಂಡ್, 315! ಗಡಹಿಂಗ್ಲಜದಲ್ಲಿ ಅಷ್ಟು ರೊಕ್ಕಕ್ಕೆ ಇಡೀ ಕಟ್ಟೆಗೆ ಚಹಾ ಕುಡಿಸಬಹುದು. ಬೇಡವೆಂದೆ. ಚಪಾತಿ-ಚಟ್ನಿ ಗಂಟು ಕಟ್ಟಿಕೊಂಡು ಹೋಗಿದ್ದೆ, ಪಾರ್ಕಿನ ಬೆಂಚಿನ ಮೇಲೆ ತಿಂದೆ. ಅದೃಷ್ಟಕ್ಕೆ ನೋಡುವಂಥದ್ದಕ್ಕೆ ಅಲ್ಲಿ ರೊಕ್ಕ ಕೇಳಲಿಲ್ಲ. 1900ರಲ್ಲಿ ತೆರೆದ ಜಾನ್ ರೈಲ್ಯಾಂಡ್ಸ್ ಲೈಬ್ರರಿ ಪುಕ್ಕಟೆ. 1830ರ ರೈಲ್ವೆ ಸ್ಟೇಷನ್ನಿನ ಜಾಗದಲ್ಲಿರುವ ವಿಜ್ಞಾನ-ಕೈಗಾರಿಕೆ ಮ್ಯೂಸಿಯಂ ಕೂಡ ಪುಕ್ಕಟೆ. ಅಲ್ಲಿ ಹಳೆಯ ಹತ್ತಿ ಯಂತ್ರಗಳನ್ನು ನಡೆಸಿ ತೋರಿಸುತ್ತಾರೆ. ಜನ ಕಿವಿ ಮುಚ್ಚಿಕೊಂಡು ನಕ್ಕರು. ನನಗೆ ಇಚಲಕರಂಜಿಯ ಓಣಿ ನೆನಪಾಯಿತು.

ಸಂಜೆ ಒಂದು ಅಂಗಡಿಯಲ್ಲಿ 40 ಪೌಂಡಿನ ಸ್ವೆಟರ್ ತೆಗೆದುಕೊಂಡೆ. ಕಾರ್ಡ್ ಒತ್ತಿದಾಗ ಮಷಿನ್ ಕೇಳಿತು: ಪೌಂಡಿನಲ್ಲೋ ರೂಪಾಯಿಯಲ್ಲೋ? ಬೆಳಗಿನಿಂದ ಗುಣಿಸಿ ಗುಣಿಸಿ ದಣಿದವನಿಗೆ ‘ರೂಪಾಯಿ’ ಎಂಬ ಅಕ್ಷರ ಕಂಡು ತವರುಮನೆ ಕಂಡಂತಾಯಿತು. ಒತ್ತಿಬಿಟ್ಟೆ. 4,200 ಆಗಬೇಕಾದದ್ದು 4,494 ಆಯಿತು. ಪರದೇಶದಲ್ಲಿ ರೂಪಾಯಿಯಲ್ಲಿ ಕೊಟ್ಟದ್ದಕ್ಕೆ ನನ್ನ ಬ್ಯಾಂಕು ಇನ್ನೊಂದು ಐವತ್ತು ಚಿಲ್ಲರೆ ಕತ್ತರಿಸಿತು. ಪೌಂಡ್ ಒತ್ತಿದ್ದರೂ ನನ್ನ ಕಾರ್ಡಿನ ಶೇ 3.5 ಮಾರ್ಕಪ್, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 170ರಷ್ಟು ಹೋಗುತ್ತಿತ್ತು. ಹೋದದ್ದು ಅದರ ಇಮ್ಮಡಿ. ಬೇಡವೆಂದ ಚಹಾದ ಬೆಲೆ ಅಲ್ಲಿ ಕೊಟ್ಟೆ, ಮೇಲೆ ಮೂವತ್ತು ರೂಪಾಯಿ. ಪರದೇಶದಲ್ಲಿ ಮಷಿನ್ ಈ ಪ್ರಶ್ನೆ ಕೇಳಿದರೆ ಆ ದೇಶದ ನಾಣ್ಯವನ್ನೇ ಒತ್ತಿ. ಪ್ರವಾಸಿಗರಿಗೆ ವ್ಯಾಟ್ ವಾಪಸ್ ಸಿಗುತ್ತದೆಂದು ಇಲ್ಲಿ ಯಾರೋ ಹೇಳಿದ್ದನ್ನು ನಂಬಿ ರಸೀದಿ ಜೋಪಾನ ಮಾಡಿದ್ದೆ. ಇಂಗ್ಲೆಂಡಿನಲ್ಲಿ ಅದು 2021ರ ಜನವರಿಗೇ ನಿಂತುಹೋಗಿತ್ತು.

ಈಗ ಕೊಲ್ಲಾಪುರ. ಅಂಬಾಬಾಯಿ ದರ್ಶನಕ್ಕೆ ಸಾಲಿನಲ್ಲಿ ನಿಂತು ಎರಡು ತಾಸು, ಉಡಿ ಸಾಮಾನಿಗೆ ಅಕ್ಕ ತಾನೇ ಚೌಕಾಸಿ ಮಾಡಿದಳು. ಹೊಸ ಅರಮನೆ ಹೊರಗಿನಿಂದ ನೋಡಿ ಬಂದೆವು. ಮ್ಯಾಂಚೆಸ್ಟರ್ ಟೌನ್ ಹಾಲ್ ಮುಗಿದ 1877ರಲ್ಲೇ ಇದು ಶುರುವಾಗಿದ್ದು ಎಂದೆ, ಅಳಿಯಂದಿರು ಗಡಿಯಾರದ ಗೋಪುರದ ಫೋಟೋ ತೆಗೆದರು. ಅಷ್ಟರಲ್ಲಿ ಎಲ್ಲರಿಗೂ ಹಸಿವು.

ಮಿಸಳ್ ಪ್ಲೇಟಿಗೆ 100 ರೂಪಾಯಿ. ಕೊಲ್ಲಾಪುರದ ಮಿಸಳ್ ಜೊತೆ ದಪ್ಪ ಬ್ರೆಡ್ ಬರುತ್ತದೆ, ಮತ್ತು ‘ಕಟ್’ ಎನ್ನುವ ಕೆಂಪು ರಸ ಕೇಳಿದಷ್ಟು ಸಲ ಸುರಿಯುತ್ತಾರೆ, ಅದಕ್ಕೆ ಲೆಕ್ಕವಿಲ್ಲ. ಇಂಗ್ಲೆಂಡಿನಲ್ಲಿ ತಣ್ಣನೆಯ ಸ್ಯಾಂಡ್‌ವಿಚ್ಚನ್ನು ಕೂತು ತಿಂದರೆ ಶೇ 20 ವ್ಯಾಟ್, ಕಟ್ಟಿಸಿಕೊಂಡು ಹೋದರೆ ಇಲ್ಲ. ಕುರ್ಚಿಗೂ ತೆರಿಗೆ ಇರುವ ಊರಿನಿಂದ ಬಂದ ಅಕ್ಕನ ಮಗಳು ಮೂರನೇ ಸಲ ಕಟ್ ಹಾಕಿಸಿಕೊಂಡು ಕಣ್ಣೊರೆಸುತ್ತ ಹೇಳಿದಳು, “ಮಾಮಾ, ಬರೇ ಎಂಬತ್ತಮೂರ ಪೆನ್ಸ್!” ಪೌಂಡು ಆಗ 120ರ ಆಸುಪಾಸು. ಅವಳು ಬೆಳಗಿನಿಂದ ಭಾಗಿಸುತ್ತಿದ್ದಳು. ಅಳಿಯಂದಿರು ಮಧ್ಯಾಹ್ನ ಬೇರೆ ಖಾನಾವಳಿಗೆ ಹೋಗಿ ತಾಂಬಡಾ-ಪಾಂಢರಾ ರಸ್ಸಾ ಉಂಡು ಬಂದರು. ನಮ್ಮ ಮನೆಯಲ್ಲಿ ಮಾಂಸ ಇಲ್ಲ. ಅಕ್ಕ ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ನನ್ನ ಖರ್ಚಿನ ಕಿರ್ದಿಯಲ್ಲಿ ‘ಇತರೆ, 400’ ಎಂದು ಬರೆದಿದ್ದೇನೆ.

ಚಪ್ಪಲಿ ಅಂಗಡಿಗಳ ಸಾಲಿನಲ್ಲಿ ನನ್ನ ತಾಳ್ಮೆ ಕೆಟ್ಟಿತು. ಅಕ್ಕನ ಮಗಳಿಗೆ ಹಟ ಹತ್ತಿತ್ತು, ಕಾರಣವೂ ಇತ್ತು. ಪ್ರಾಡಾ ಕಂಪನಿ 2025ರ ಜೂನಿನಲ್ಲಿ ಮಿಲಾನಿನ ಫ್ಯಾಷನ್ ಶೋದಲ್ಲಿ ನಮ್ಮ ಕೊಲ್ಲಾಪುರಿಯಂಥದ್ದನ್ನೇ ತೋರಿಸಿ, ಹೆಸರು ಹೇಳದೆ ಬೈಸಿಕೊಂಡಿತ್ತು. ಡಿಸೆಂಬರಿನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಚರ್ಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು: ಇಲ್ಲಿಯ ಕುಶಲಕರ್ಮಿಗಳಿಂದ 2,000 ಜೋಡಿ, ಜೋಡಿಗೆ ಸುಮಾರು 800 ಯುರೋ. ಅಂದರೆ 84,000 ರೂಪಾಯಿಯ ಹತ್ತಿರ. ಅಂಗಡಿಯವನು ಕಾಪಶಿ ಮಾದರಿಯ ಜೋಡಿಗೆ 2,200 ಎಂದ. “ಹದಿನೆಂಟ ಪೌಂಡ್!” ಎಂದು ಒಂದಲ್ಲ, ಮೂರು ಜೋಡಿ ಎತ್ತಿಟ್ಟಳು.

ಅವಳು ಚೌಕಾಸಿ ಮಾಡಲಿಲ್ಲ ಅನ್ನುವುದು ನನ್ನ ತಕರಾರಲ್ಲ. ಕೈಯಿಂದ ಮಾಡಿದ ಮೆಟ್ಟಿಗೆ 2,200 ಹೆಚ್ಚಲ್ಲ. ಅವಳು ನೋಡಲೇ ಇಲ್ಲ ಅನ್ನುವುದು. ಭಾಗಿಸಿದಾಗ ಬಂದ ಸಣ್ಣ ಅಂಕಿ ಅವಳ ಕಣ್ಣು ಮುಚ್ಚಿತ್ತು, 2023ರಲ್ಲಿ ಗುಣಿಸಿ ಬಂದ ದೊಡ್ಡ ಅಂಕಿ ನನ್ನ ಕಣ್ಣು ಮುಚ್ಚಿದಂತೆ. ಎತ್ತಿಟ್ಟ ಮೂರರಲ್ಲಿ ಒಂದರ ಅಟ್ಟೆ ಅಂಟಿನಿಂದ ಕೂಡಿಸಿದ್ದು, ಪಟ್ಟಿ ರೆಕ್ಸಿನ್. ಅಂಚು ತಿರುಗಿಸಿ ತೋರಿಸಿದೆ: ಒಳ್ಳೆಯ ಜೋಡಿಯಲ್ಲಿ ಚರ್ಮದ ಪದರ ಎಣಿಸಬಹುದು, ಹೊಲಿಗೆ ಚರ್ಮದ ಎಳೆಯದು, ಮೊಳೆ ಇರುವುದಿಲ್ಲ, ಜಾಲಿ ತೊಗಟೆ-ಅಳಲೆಕಾಯಿಯಲ್ಲಿ ಹದ ಮಾಡಿದ ವಾಸನೆ ಮೂಗಿಗೆ ಬರುತ್ತದೆ. ಅಂಗಡಿಯವನು ಸಿಟ್ಟಾಗಲಿಲ್ಲ. ನಮ್ಮ ಕನ್ನಡ ಕೇಳಿ ತಾನೂ ಕನ್ನಡಕ್ಕೆ ಇಳಿದ. “ಯಜಮಾನ್ರ, ಇದು ಅಥಣಿ ಮಾಲರೀ, ತಗೋರಿ” ಎಂದು ಒಳಗಿನಿಂದ ಬೇರೆ ಜೋಡಿ ತಂದ. ಇದೊಂದು ನನಗೆ ಯಾವಾಗಲೂ ಮೋಜಿನ ವಿಷಯ: ಊರಿನ ಹೆಸರು ಕೊಲ್ಲಾಪುರ, ಆದರೆ 2019ರಲ್ಲಿ ಸಿಕ್ಕ ಜಿಐ ಮುದ್ರೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ್ದೂ ನಾಲ್ಕು, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಬಿಲ್ ಹಾಕಿಸಿದೆವು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5 ಅಷ್ಟೇ, ಬಿಲ್ ಬೇಡವೆನ್ನುವಷ್ಟು ಭಾರವಲ್ಲ.

ಚಿನ್ನದಂಗಡಿಗಳ ಓಣಿ ಗುಜರಿಯಲ್ಲಿ ಕೊಲ್ಲಾಪುರಿ ಸಾಜ್ ಎಂಬ ಹಾರ ನೋಡಬೇಕೆಂದು ಅವಳಿಗಿತ್ತು. ಚಿನ್ನ ಹತ್ತು ಗ್ರಾಮಿಗೆ ಲಕ್ಷದ ಮೂವತ್ತು ಸಾವಿರ ದಾಟಿದ ದಿನಗಳು. ಇಲ್ಲಿ ಜಿಎಸ್‌ಟಿ ಶೇ 3, ಅಲ್ಲಿ ವ್ಯಾಟ್ ಶೇ 20, ಹಾಗಾದರೆ ಇಲ್ಲೇ ಲಾಭವಲ್ಲವೇ ಎಂದಳು. ಅಲ್ಲ. ಬ್ರಿಟನ್ನಿಗೆ ಮರಳುವಾಗ ಹೊಸದಾಗಿ ಕೊಂಡ ಸಾಮಾನು 390 ಪೌಂಡ್ ಮೀರಿದರೆ ಘೋಷಿಸಿ ಅಲ್ಲಿಯ ತೆರಿಗೆ ತುಂಬಬೇಕು. “ಮೈಮ್ಯಾಲೆ ಹಾಕ್ಕೊಂಡ ಹೋದ್ರ?” ಎಂದಳು ಅಕ್ಕ. ಅಂಕಣಕಾರನಾಗಿ ಆ ಪ್ರಶ್ನೆ ನನಗೆ ಕೇಳಿಸಲಿಲ್ಲ.

ಇಚಲಕರಂಜಿಗೆ ಮುಟ್ಟಿದಾಗ ನಾಲ್ಕು ಗಂಟೆ. ಇಲ್ಲಿ ಮೊದಲ ಪಾವರ್‌ಲೂಮ್ ಬಂದದ್ದು 1904ರಲ್ಲಿ. ತಂದವರು ವಿಠ್ಠಲರಾವ ದಾತಾರ, ಬೆನ್ನಿಗೆ ನಿಂತವರು ಜಹಾಗೀರದಾರ ನಾರಾಯಣರಾವ ಘೋರ್ಪಡೆ. ಈಗ ಓಣಿಗೆ ಕಾಲಿಟ್ಟರೆ ನೆಲವೇ ಖಟಖಟ ಅನ್ನುತ್ತದೆ. ನಮ್ಮೂರ ಕಡೆಯ ಒಬ್ಬ ನೇಕಾರನ ಮನೆಗೆ ಹೋದೆವು. ಅವನ ಪಾಳಿ ಇನ್ನೂ ಮುಗಿದಿರಲಿಲ್ಲ, ಶೆಡ್ಡಿನ ಒಳಗೇ ಕರೆದು ಮಗ್ಗ ತೋರಿಸಿದ. ಲಾಳಿ ಅತ್ತಿಂದಿತ್ತ ಹಾರುತ್ತಿತ್ತು. ಮೊಮ್ಮಗಳು ಕಿವಿ ಮುಚ್ಚಿಕೊಂಡು ಕೇಳಿತು, “ಇದನ್ನ ಯಾವಾಗ ಬಂದ್ ಮಾಡ್ತಾರ ಅಜ್ಜಾ?” ಅವರ ಊರಿನ ಮ್ಯೂಸಿಯಮ್ಮಿನಲ್ಲಿ ಐದು ನಿಮಿಷ ನಡೆಸಿ ನಿಲ್ಲಿಸುತ್ತಾರಲ್ಲ, ಅದಕ್ಕೆ.

ಇವನ ಮಜೂರಿ ಪಿಕ್ ಮೇಲೆ. ಒಂದು ಇಂಚಿನಲ್ಲಿ ಎಷ್ಟು ಅಡ್ಡ ಎಳೆ ಬೀಳುತ್ತದೋ ಅದು ಪಿಕ್. ಅದರಂತೆ ಮೀಟರಿಗೆ ಇಷ್ಟು ಪೈಸೆ. ಕರೆಂಟ್ ಹೋದರೆ, ಹಾಸಿನ ನೂಲಿನ ಬೀಮ್ ತೀರಿದರೆ, ಪೈಸೆಯೂ ನಿಂತಿತು. ನಾಲ್ಕು ಮಗ್ಗ ನೋಡಿಕೊಂಡು ಹನ್ನೆರಡು ತಾಸಿನ ಪಾಳಿಗೆ ಅವನ ಕೈಗೆ ಏಳುನೂರೈವತ್ತರ ಹತ್ತಿರ ಬರುತ್ತದೆ. ಚಪ್ಪಲಿ ಚೀಲ ನೋಡಿ ಬೆಲೆ ಕೇಳಿದ, ಹೇಳಿದೆವು. ಅವನು ಗುಣಿಸಲಿಲ್ಲ, ಭಾಗಿಸಲಿಲ್ಲ. “ಮೂರ ಪಾಳಿ” ಎಂದ.

ಆ ಅಳತೆ ನನಗೆ ರಾತ್ರಿಯಿಡೀ ಬಿಡಲಿಲ್ಲ. ಬಸ್ಸಿನಲ್ಲೇ ಕಿರ್ದಿ ತೆಗೆದು ಇಡೀ ದಿನದ ಖರ್ಚನ್ನು ತಾಸಿಗೆ ಇಳಿಸಿದೆ. ಬ್ರಿಟನ್ನಿನಲ್ಲಿ 2025ರ ಏಪ್ರಿಲಿನಿಂದ 21 ತುಂಬಿದವರ ಕನಿಷ್ಠ ಕೂಲಿ ಆಗ ತಾಸಿಗೆ 12.21 ಪೌಂಡ್ ಇತ್ತು. ನಮ್ಮ ನೇಕಾರನದು ಅರವತ್ತೆರಡು ರೂಪಾಯಿ. ಚಪ್ಪಲಿ ಅಲ್ಲಿಯ ಕೆಲಸಗಾರನಿಗೆ ಒಂದೂವರೆ ತಾಸು, ಇವನಿಗೆ ಮೂವತ್ತೈದು. ಮ್ಯಾಂಚೆಸ್ಟರ್‌ನಲ್ಲಿ 4 ಪೌಂಡಿನ ಸ್ಯಾಂಡ್‌ವಿಚ್ ಇಪ್ಪತ್ತು ನಿಮಿಷ. ಕೊಲ್ಲಾಪುರದ ಎಂಬತ್ತಮೂರು ಪೆನ್ಸಿನ ‘ಅಗ್ಗದ’ ಮಿಸಳ್ ಇವನಿಗೆ ಒಂದೂವರೆ ತಾಸಿನ ಮೇಲೆ. ಪ್ರಾಡಾ ಜೋಡಿ ನೂರಾ ಹನ್ನೆರಡು ಪಾಳಿ. ನಾನು ಕುಡಿಯದೆ ಬಂದ ಆ ಚಹಾ, 2023ರ ಅಲ್ಲಿಯ ಕೂಲಿ 10.42 ಪೌಂಡ್ ಹಿಡಿದರೆ, ಹದಿನೇಳು ನಿಮಿಷ. ನೇಕಾರನ ಹದಿನೇಳು ನಿಮಿಷ ಅಂದರೆ ಹದಿನೆಂಟು ರೂಪಾಯಿ, ನಮ್ಮ ಸ್ಟ್ಯಾಂಡಿನ ಚಹಾಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಅಕ್ಕನ ಮಗಳಿಗೆ ತೋರಿಸಿದೆ. ಅವಳು ಸುಮ್ಮನೆ ಒಪ್ಪುವವಳಲ್ಲ. “ನಮ್ಮ ಮನಿ ಬಾಡಿಗಿ ಹಚ್ಚಿ ನೋಡ ಮಾಮಾ. ಇವಳು ಸಣ್ಣಾಕಿ ಇದ್ದಾಗ ನರ್ಸರಿಗೆ ಕೊಟ್ಟದ್ದ ಬರಿ. ಅಲ್ಲಿ ತಾಸು ದುಬಾರಿ ಐತಿ, ಸೂರೂ ದುಬಾರಿ ಐತಿ.” ಅದೂ ನಿಜ. ನೇಕಾರನ ಮನೆಯಲ್ಲಿ ಅಜ್ಜಿ ಕೂಸು ನೋಡಿಕೊಳ್ಳುತ್ತಾಳೆ, ಆ ಕೆಲಸಕ್ಕೆ ಕಿರ್ದಿಯಲ್ಲಿ ಅಂಕಣವೇ ಇಲ್ಲ. ನನ್ನ ತಾಸಿನ ಲೆಕ್ಕದಲ್ಲಿ ಬಾಡಿಗೆಯ ಸಾಲು ಇನ್ನೂ ಖಾಲಿ ಇದೆ. ಅವಳು ಅಂಕಿ ಕಳಿಸುತ್ತೇನೆ ಎಂದಿದ್ದಾಳೆ.

ಹೊರಡುವ ದಿನ ಬ್ಯಾಗಿನ ತೂಕ ಹೆಚ್ಚಾಯಿತು. ಚಟ್ನಿಪುಡಿ ತೆಗೆಯಲು ಅಕ್ಕ ಒಪ್ಪಲಿಲ್ಲ, ಬೆಲ್ಲ ತೆಗೆಯಲು ಅಳಿಯಂದಿರು ಒಪ್ಪಲಿಲ್ಲ. ಮೂರು ಜೋಡಿಯಲ್ಲಿ ಒಂದು ನನ್ನ ಮನೆಯಲ್ಲೇ ಉಳಿಯಿತು. ಹೆಂಗಸರ ಅಳತೆ, ಇಲ್ಲಿ ಯಾರ ಕಾಲಿಗೂ ಆಗುವುದಿಲ್ಲ. ಚರ್ಮ ಒಣಗದಂತೆ ತಿಂಗಳಿಗೊಮ್ಮೆ ಎಣ್ಣೆ ಹಚ್ಚಿಡು ಮಾಮಾ ಎಂದು ಅಲ್ಲಿಂದ ಮೆಸೇಜ್ ಬರುತ್ತದೆ. ಹಚ್ಚುತ್ತಿದ್ದೇನೆ. ಎಣ್ಣೆಯ ಖರ್ಚನ್ನು ಯಾರ ಖಾತೆಗೆ ಬರೆಯಬೇಕೋ ಇನ್ನೂ ತೀರ್ಮಾನವಾಗಿಲ್ಲ.